ಐನ್ ರ‍್ಯಾಂಡ್ ಮತ್ತು ಐನ್‌ಮನೆ

ಕೇಳಿ, ಹೇಳುತ್ತೇವೆ: ಓದುಗರ ಪ್ರಶ್ನೋತ್ತರ

ಈ ಸಲ ಕೊಡಗಿನಿಂದ ಬಂದ ಪತ್ರಗಳೆಲ್ಲ ಸುತ್ತಿ ಬಳಸಿ ಒಂದೇ ಜಾಗಕ್ಕೆ ಬಂದು ನಿಂತಿವೆ. ಮುಕ್ತ ಮಾರುಕಟ್ಟೆಯನ್ನು ಮೆಚ್ಚುವವರಿಗೆ ‘ನಾನು, ನನ್ನ ದುಡಿಮೆ, ನನ್ನ ಹಕ್ಕು’ ಎನ್ನುವ ತತ್ವ ಯಾಕಿಷ್ಟು ರುಚಿಸುತ್ತದೆ? ಪತ್ರಗಳನ್ನು ಸ್ವಲ್ಪ ಕತ್ತರಿಸಿದ್ದೇವೆ, ಹೆಸರು ಬಿಟ್ಟಿದ್ದೇವೆ.

● ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಹುತ್ತರಿ ಹಬ್ಬಕ್ಕೆ ಬಂದವನು ಒಕ್ಕದ, ಅಂದರೆ ನಮ್ಮ ಕುಲದ, ಹಿರಿಯರ ಎದುರೇ ‘ಯಾರೂ ಯಾರಿಗೂ ಋಣಿಯಲ್ಲ, ತ್ಯಾಗ ಅನ್ನೋದೇ ದೊಡ್ಡ ಮೋಸ’ ಅಂದುಬಿಟ್ಟ. ಅವನ ಬ್ಯಾಗಿನಲ್ಲಿ ಐನ್ ರ‍್ಯಾಂಡ್ ಎಂಬಾಕೆಯ ಇಟ್ಟಿಗೆಯಷ್ಟು ದಪ್ಪದ ಕಾದಂಬರಿ ಇತ್ತು. ಮಾರುಕಟ್ಟೆ, ಮಾರುಕಟ್ಟೆ ಅನ್ನುವ ಅವನ ಗೆಳೆಯರೂ ಅದನ್ನೇ ಓದುತ್ತಾರಂತೆ. ಯಾರು ಈಕೆ? ಎಲ್ಲರೂ ಈಕೆಯನ್ನೇ ಯಾಕೆ ಹಿಡಿದುಕೊಂಡಿದ್ದಾರೆ?
– ಒಬ್ಬ ತಂದೆ, ಸಿದ್ದಾಪುರ

ಮೊದಲು ಹೆಸರು. ‘ಏನ್’ ಅಲ್ಲ, ‘ಆನ್’ ಅಲ್ಲ. ನಿಮ್ಮ ಐನ್‌ಮನೆಯ ‘ಐನ್’ ಇದೆಯಲ್ಲ, ಅದೇ ಉಚ್ಚಾರ. ಒಕ್ಕಕ್ಕೆಲ್ಲ ಸೇರಿದ ಮನೆಗೂ, ಯಾರಿಗೂ ಸೇರದ ಮನುಷ್ಯನನ್ನು ಕೊಂಡಾಡಿದ ಲೇಖಕಿಗೂ ಒಂದೇ ಸದ್ದು ಬಂದು ಕೂತಿರುವುದು ಬರೀ ಕಾಕತಾಳೀಯ.

ಆಕೆ 1905ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದಳು. ಹುಟ್ಟುಹೆಸರು ಅಲೀಸಾ ರೋಸೆನ್‌ಬಾಮ್. ಅಪ್ಪನದು ಔಷಧದ ಅಂಗಡಿ. 1917ರ ಕ್ರಾಂತಿಯ ನಂತರ ಬೋಲ್ಷೆವಿಕರು ಅದನ್ನು ವಶಪಡಿಸಿಕೊಂಡರು. ಹುಡುಗಿ 1926ರಲ್ಲಿ ಅಮೆರಿಕಕ್ಕೆ ಹೋದವಳು ತಿರುಗಿ ಬರಲಿಲ್ಲ. 1943ರಲ್ಲಿ ‘ದಿ ಫೌಂಟನ್‌ಹೆಡ್’, 1957ರಲ್ಲಿ ‘ಅಟ್ಲಾಸ್ ಶ್ರಗ್ಡ್’ ಬಂದವು. ನಿಮ್ಮ ಮಗನ ಬ್ಯಾಗಿನಲ್ಲಿದ್ದದ್ದು ಎರಡನೆಯದೇ ಇರಬೇಕು: ಸಾವಿರ ಪುಟ ದಾಟುತ್ತದೆ, ಕೊನೆಯ ಭಾಗದಲ್ಲಿ ನಾಯಕನ ಭಾಷಣವೊಂದೇ ಸುಮಾರು 60 ಪುಟ. 1982ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡಳು. ‘ಸರ್ಕಾರ ಕಿತ್ತುಕೊಳ್ಳುತ್ತದೆ’ ಎನ್ನುವ ಮಾತು ಆಕೆಯ ಬರಹದಲ್ಲಿ ಎಷ್ಟು ಬಿಸಿಯಾಗಿದೆ ಅನ್ನುವುದಕ್ಕೆ ಆ ಅಂಗಡಿಯ ಬೀಗವನ್ನು ನೆನಪಿಟ್ಟುಕೊಂಡರೆ ಸಾಕು.

ಈಗ, ಮಾರುಕಟ್ಟೆಯವರಿಗೆ ಈಕೆ ಯಾಕೆ ಬೇಕು? ಅರ್ಥಶಾಸ್ತ್ರದ ಪಠ್ಯ ವ್ಯಾಪಾರಿಗೆ ಹೇಳುವುದು ಇಷ್ಟೇ: ನೀನು ನಿನ್ನ ಲಾಭ ನೋಡಿಕೋ, ಅದರಿಂದ ಊರಿಗೂ ಉಪಯೋಗವಾಗುತ್ತದೆ. 1776ರಲ್ಲಿ ಆಡಂ ಸ್ಮಿತ್ ಕಟುಕ, ಬ್ರೆಡ್ ಸುಡುವವನ ಉದಾಹರಣೆ ಕೊಟ್ಟು ಹೇಳಿದ್ದೂ ಅದನ್ನೇ. ಆದರೆ ‘ಉಪಯೋಗ’ ಅನ್ನುವುದು ತಣ್ಣನೆಯ ಹೊಗಳಿಕೆ. ಲಾಭ ಮಾಡುವವನು ಒಳ್ಳೆಯವನೋ ಎಂದು ಕೇಳಿದರೆ ಅರ್ಥಶಾಸ್ತ್ರ ಬಾಯಿ ಬಿಡುವುದಿಲ್ಲ. ರ‍್ಯಾಂಡ್ ಬಿಟ್ಟಳು. ದುಡಿದು, ಯೋಚಿಸಿ, ಹೊಸದನ್ನು ಕಟ್ಟುವವನೇ ನೀತಿವಂತ. ಅವನಿಂದ ಕಿತ್ತು ಹಂಚುವವನೇ ಪರಾವಲಂಬಿ ಅಂದಳು. ತೆರಿಗೆ ಕಟ್ಟಿ, ಬೈಸಿಕೊಂಡು, ತಪ್ಪಿತಸ್ಥನ ಹಾಗೆ ನಿಂತಿದ್ದ ಉದ್ಯಮಿಗೆ ಯಾರೋ ಬೆನ್ನು ತಟ್ಟಿದ ಹಾಗಾಯಿತು. ಉಳಿದ ಕಾರಣಗಳು ಇದರ ಹಿಂದೆ ಬರುತ್ತವೆ.

ಇದು ಗ್ರಂಥವಲ್ಲ, ಕಥೆ. ನಾಯಕರು ಎಂಜಿನಿಯರು, ವಾಸ್ತುಶಿಲ್ಪಿ, ರೈಲ್ವೆ ನಡೆಸುವ ಹೆಣ್ಣುಮಗಳು, ಉಕ್ಕಿನ ಕಾರ್ಖಾನೆಯವನು. ಇಪ್ಪತ್ತೆರಡರ ಪ್ರೋಗ್ರಾಮರ್ ಅವರಲ್ಲಿ ತನ್ನ ಮುಖ ಕಾಣುವುದು ಸುಲಭ. ಖಳರು ಪರ್ಮಿಟ್ ಕೊಡುವ, ತಡೆಯುವ ಅಧಿಕಾರಿಗಳು. ಅವರು ನಮ್ಮ ಓದುಗರಿಗೆ ತಾಲ್ಲೂಕು ಕಚೇರಿಯ ಮೆಟ್ಟಿಲಿನಿಂದಲೇ ಪರಿಚಯ. ಇನ್ನು ಪ್ರಚಾರ. ಆಕೆಯ ಹೆಸರಿನಲ್ಲಿ 1985ರಲ್ಲಿ ಹುಟ್ಟಿದ ಸಂಸ್ಥೆ ಅಮೆರಿಕದ ಶಾಲೆಗಳಿಗೆ ಈ ಕಾದಂಬರಿಗಳನ್ನು ಪುಕ್ಕಟೆ ಹಂಚುತ್ತದೆ, ಪ್ರಬಂಧ ಸ್ಪರ್ಧೆಗೆ ನಗದು ಬಹುಮಾನ ಇಡುತ್ತದೆ. ದಾನವನ್ನು ಕರ್ತವ್ಯ ಅಂತ ಒಪ್ಪದ ತತ್ವ ಹರಡಿದ್ದು ದಾನದ ಪುಸ್ತಕಗಳಿಂದಲೂ ಹೌದು!

ಮಗನ ಜೊತೆ ಮಾತಾಡುವಾಗ ಒಂದು ಕೆಲಸ ಮಾಡಿ. ‘ತ್ಯಾಗ’ ಅಂದರೆ ಏನೆಂದು ಅವನಿಂದಲೇ ಕೇಳಿ. ರ‍್ಯಾಂಡ್ ನಿಘಂಟಿನಲ್ಲಿ ತ್ಯಾಗ ಎಂದರೆ ತನಗೆ ಹೆಚ್ಚು ಬೆಲೆಯುಳ್ಳದ್ದನ್ನು ಕಡಿಮೆ ಬೆಲೆಯದಕ್ಕಾಗಿ ಬಿಟ್ಟುಕೊಡುವುದು. ಮಗು ತನಗೆ ಮುಖ್ಯ ಎಂದುಕೊಂಡ ತಾಯಿ ತನ್ನ ತುತ್ತನ್ನು ಮಗುವಿಗೆ ಕೊಟ್ಟರೆ ಆಕೆಯ ಲೆಕ್ಕದಲ್ಲಿ ಅದು ತ್ಯಾಗವೇ ಅಲ್ಲ. ಹಾಗೆಯೇ ಕೊಟ್ಟು ತೆಗೆದುಕೊಳ್ಳುವ ವ್ಯಾಪಾರಿಯೇ ಆಕೆಯ ಆದರ್ಶ. ಬಲವಂತ, ವಂಚನೆ, ಕೊಡದೆ ತೆಗೆದುಕೊಳ್ಳುವುದು, ಮೂರೂ ಆಕೆಗೆ ಪಾಪ. ಮನೆಯ ಅಕ್ಕಿ, ಅಮ್ಮನ ಅಡಿಗೆ, ಕಾಲೇಜಿನ ಫೀಸು ಇವೆಲ್ಲ ಬಂದದ್ದೆಲ್ಲಿಂದ ಎಂದು ಆಕೆಯ ಪುಸ್ತಕ ಮುಂದಿಟ್ಟುಕೊಂಡೇ ಕೇಳಬಹುದು. ‘ನಿನಗೆ ಸ್ವಾರ್ಥ ಹೆಚ್ಚಾಯಿತು’ ಅಂತ ಶುರುಮಾಡಿದರೆ ಮಾತ್ರ ಕೆಟ್ಟಿತು. ಅದನ್ನವನು ಬಿರುದು ಅಂದುಕೊಳ್ಳುತ್ತಾನೆ. 1964ರಲ್ಲಿ ಆಕೆ ಸ್ವಾರ್ಥವೇ ಸದ್ಗುಣ ಎಂಬ ಅರ್ಥದ ಹೆಸರಿಟ್ಟೇ ಪುಸ್ತಕ ತಂದಿದ್ದಳು.

● ರ‍್ಯಾಂಡ್, ಹಯೆಕ್, ಮೀಸಸ್, ರಾಥ್‌ಬಾರ್ಡ್ ಎಲ್ಲರೂ ಒಂದೇ ಗುಂಪೇ? ಸೆಮಿನಾರಿಗೆ ಬೇಕಿತ್ತು.
– ಬಿ.ಎ. ವಿದ್ಯಾರ್ಥಿನಿ, ಮಡಿಕೇರಿ

ಅಲ್ಲ. ರ‍್ಯಾಂಡ್ ಕಾದಂಬರಿಕಾರ್ತಿ, ಉಳಿದ ಮೂವರು ಮುಕ್ತ ಮಾರುಕಟ್ಟೆಯ ಪರದ ಅರ್ಥಶಾಸ್ತ್ರಜ್ಞರು. ಸೆಮಿನಾರಿನಲ್ಲಿ ಇವರನ್ನು ಒಂದೇ ಚೀಲಕ್ಕೆ ತುಂಬಿದರೆ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ‘ವ್ಯಕ್ತಿವಾದ’ ಅನ್ನುವ ಒಂದೇ ಪದದೊಳಗೆ ಮೂರು ಬೇರೆ ಸಂಗತಿಗಳಿವೆ.

ಒಂದು, ಅಧ್ಯಯನದ ವಿಧಾನ: ‘ಮಾರುಕಟ್ಟೆ ಬಯಸಿತು’, ‘ಸಮಾಜ ತೀರ್ಮಾನಿಸಿತು’ ಅನ್ನಬೇಡಿ, ತೀರ್ಮಾನಿಸುವವರು ಒಬ್ಬೊಬ್ಬ ಮನುಷ್ಯರು, ಅಲ್ಲಿಂದ ವಿವರಣೆ ಶುರುಮಾಡಿ. ಲುಡ್ವಿಗ್ ಫಾನ್ ಮೀಸಸ್ 1949ರಲ್ಲಿ ತನ್ನ ದೊಡ್ಡ ಗ್ರಂಥ ಕಟ್ಟಿದ್ದು ಇದರ ಮೇಲೆ. ಇದನ್ನು ಒಪ್ಪಿದವರು ಸಮಾಜವಾದಿಗಳೂ ಆಗಿರಬಹುದು. ಎರಡು, ರಾಜಕೀಯ: ಇನ್ನೊಬ್ಬರಿಗೆ ಹಾನಿಯಾಗದ ತನಕ ವ್ಯಕ್ತಿಯ ಬದುಕಿನಲ್ಲಿ ಸರ್ಕಾರವಾಗಲಿ ಊರಾಗಲಿ ಕೈಹಾಕಬಾರದು. ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಬರೆದದ್ದು ಇದನ್ನೇ. ಮೂರು, ನೀತಿ: ನನ್ನ ಬದುಕಿನ ಗುರಿ ನಾನೇ. ಇದು ರ‍್ಯಾಂಡ್.

ಹಯೆಕ್ ಮೊದಲೆರಡನ್ನು ಒಪ್ಪಿ ಮೂರನೆಯದರ ಹತ್ತಿರವೂ ಸುಳಿಯಲಿಲ್ಲ. 1945ರ ಡಿಸೆಂಬರಿನಲ್ಲಿ ಡಬ್ಲಿನ್ನಿನಲ್ಲಿ ಕೊಟ್ಟ ಉಪನ್ಯಾಸದಲ್ಲಿ ನಿಜವಾದ ವ್ಯಕ್ತಿವಾದ, ಹುಸಿ ವ್ಯಕ್ತಿವಾದ ಎಂದು ಎರಡು ಮಾಡಿದ. ನಿಜವಾದದ್ದು ವಿನಯದ್ದು: ಒಬ್ಬನ ತಲೆಗೆ ತಿಳಿಯುವುದು ಬಹಳ ಕಡಿಮೆ, ಆದ್ದರಿಂದ ಯಾರ ಕೈಗೂ ಎಲ್ಲವನ್ನೂ ಕೊಡಬೇಡಿ. ಕುಟುಂಬ, ಊರು, ರೂಢಿಗಳಿಗೂ ಅದರಲ್ಲಿ ಜಾಗ ಇದೆ. ಕಡುಬಡವರಿಗೆ ಕನಿಷ್ಠ ಆಸರೆ ಸರ್ಕಾರ ಕೊಡಲಿ ಅಂತಲೂ ಆತ 1944ರಲ್ಲೇ ಬರೆದ. ಆ ಪುಸ್ತಕದ ತನ್ನ ಪ್ರತಿಯ ಅಂಚಿನಲ್ಲಿ ರ‍್ಯಾಂಡ್ ಗೀಚಿದ ಬೈಗುಳಗಳು ಆಮೇಲೆ ಅಚ್ಚಾಗಿವೆ. ಮರ್ರೆ ರಾಥ್‌ಬಾರ್ಡ್ ಇನ್ನೊಂದು ತುದಿ: ಪೊಲೀಸು, ಕೋರ್ಟು ಕೂಡ ಖಾಸಗಿಯೇ ಇರಲಿ ಅಂದವನು. ರ‍್ಯಾಂಡ್ ಇದನ್ನು ಒಪ್ಪಲಿಲ್ಲ. ಸೈನ್ಯ, ಪೊಲೀಸು, ನ್ಯಾಯಾಲಯ ಈ ಮೂರು ಸರ್ಕಾರದ ಕೆಲಸ ಅಂದಳು. ಸರ್ಕಾರ ಆದಷ್ಟು ಕಡಿಮೆ ಇರಲಿ ಅನ್ನುವ, ತನ್ನನ್ನು ಮೆಚ್ಚುತ್ತಿದ್ದ ಲಿಬರ್ಟೇರಿಯನ್ನರನ್ನೇ ‘ಬಲಪಂಥದ ಹಿಪ್ಪಿಗಳು’ ಎಂದು ಜರೆದಳು.

ಸೆಮಿನಾರಿಗೆ ಒಂದು ಪಟ್ಟಿ ಬೇಕಿದ್ದರೆ ಮೇಲಿನ ಮೂರು ಅರ್ಥಗಳನ್ನು ಮೇಲುಸಾಲಿನಲ್ಲಿ ಬರೆದು, ಎಡಗಡೆ ಹೆಸರುಗಳನ್ನು ಇಟ್ಟು, ಹೌದು–ಅಲ್ಲ ತುಂಬಿಸಿ. ಅರ್ಧ ಗೊಂದಲ ಅಲ್ಲೇ ತೀರುತ್ತದೆ.

● 1996ರಲ್ಲಿ ಪೂಲ್ ಹೋಗಿ ಕಾಫಿ ನಮ್ಮ ಕೈಗೆ ಬಂತು. ಇದು ವ್ಯಕ್ತಿವಾದದ ಗೆಲುವಲ್ಲದೆ ಇನ್ನೇನು? ಒಪ್ಪಿಕೊಳ್ಳಲು ನಿಮಗೇನು ಸಂಕೋಚ?
– ಬೆಳೆಗಾರರು, ಸೋಮವಾರಪೇಟೆ

ಮುಕ್ತ ಮಾರಾಟದ ಗೆಲುವು ಹೌದು. ಅದರಲ್ಲಿ ಸಂಕೋಚವಿಲ್ಲ. ವ್ಯಕ್ತಿವಾದದ ಗೆಲುವೇ ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಪೂಲ್ ನೋಡದ ಹುಡುಗರಿಗಾಗಿ ಹಿಂದಿನದು ಎರಡು ಮಾತು. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಗಿರಾಕಿಗಳು ಕೈತಪ್ಪಿದಾಗ ಬೆಳೆಗಾರರನ್ನು ಉಳಿಸಲು ಬಂದ ಏರ್ಪಾಡು 1942ರ ಕಾಯ್ದೆಯಲ್ಲಿ ಗಟ್ಟಿಯಾಯಿತು. ಮನೆಬಳಕೆಗೆ, ಬೀಜಕ್ಕೆ ಇಷ್ಟು ಅಂತ ಇಟ್ಟುಕೊಂಡು ಉಳಿದ ಫಸಲನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕು. ಮಂಡಳಿ ಹರಾಜು ಹಾಕುತ್ತದೆ. ನಿಮ್ಮ ಕಾಫಿಗೆ ದರ್ಜೆಯ ಪ್ರಕಾರ ಪಾಯಿಂಟು, ಪಾಯಿಂಟಿನ ಪ್ರಕಾರ ಹಣ, ಅದೂ ಕಂತು ಕಂತಾಗಿ. ಹೊರಗೆ ಮಾರಿದರೆ ಅಪರಾಧ. ಯುದ್ಧ ಮುಗಿದು ಅರ್ಧ ಶತಮಾನವಾದರೂ ಯುದ್ಧಕಾಲದ ಏರ್ಪಾಡು ನಿಂತಿತ್ತು. 1990ರ ದಶಕದ ಮೊದಲಲ್ಲಿ ಫಸಲಿನ ಒಂದೊಂದು ಪಾಲು ಬಿಡುತ್ತ ಬಂದು, 1996ರ ಸೆಪ್ಟೆಂಬರಿನಲ್ಲಿ ಎಲ್ಲ ಬೆಳೆಗಾರರಿಗೂ ಪೂರ್ತಿ ಮಾರಾಟದ ಸ್ವಾತಂತ್ರ್ಯ ಸಿಕ್ಕಿತು.

ಬೀಗ ತೆರೆದದ್ದು ಯಾರು? 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದಡಿ ದೇಶ ದೇಶಕ್ಕೆ ಇಷ್ಟಿಷ್ಟೇ ರಫ್ತು ಎನ್ನುವ ಕೋಟಾ ಮುರಿದುಬಿತ್ತು. 1991ರಲ್ಲಿ ನಮ್ಮ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಅದೇ ವರ್ಷ ದೇಶದ ಖಜಾನೆಯೂ ಬರಿದಾಗಿತ್ತು. ಜೊತೆಗೆ ಬೆಳೆಗಾರರ ಸಂಘಗಳ ಒತ್ತಾಯ. ಒಂಟಿ ವೀರನೊಬ್ಬ ಎದ್ದು ನಿಂತು ಪಡೆದ ಸ್ವಾತಂತ್ರ್ಯ ಇದಲ್ಲ, ಸಂಘ ಕಟ್ಟಿ ಅರ್ಜಿ ಕೊಟ್ಟು ಪಡೆದದ್ದು.

ಇದು ಹಯೆಕ್ ಮಾತಿಗೆ ಒಳ್ಳೆಯ ಸಾಕ್ಷಿ. 1945ರ ಸಣ್ಣ ಪ್ರಬಂಧದಲ್ಲಿ ಆತ ತವರದ ಉದಾಹರಣೆ ಕೊಡುತ್ತಾನೆ: ತವರ ಯಾಕೆ ಕಡಿಮೆಯಾಯಿತೆಂದು ಬಳಸುವವನಿಗೆ ಗೊತ್ತಿರಬೇಕಿಲ್ಲ, ಬೆಲೆ ಏರಿದ್ದು ಗೊತ್ತಾದರೆ ಸಾಕು, ಕೈ ಹಿಡಿದು ಬಳಸುತ್ತಾನೆ. ತವರದ ಜಾಗದಲ್ಲಿ ಕಾಫಿ ಇಡಿ. 1994ರ ಜೂನ್–ಜುಲೈಯಲ್ಲಿ ಬ್ರೆಜಿಲ್ಲಿನ ತೋಟಗಳ ಮೇಲೆ ಹಿಮ ಬಿತ್ತು. ಆ ದೇಶವನ್ನು ನಕ್ಷೆಯಲ್ಲಿ ತೋರಿಸಲು ಬಾರದವರಿಗೂ ಅದರ ಸುದ್ದಿ ರೇಟಿನ ರೂಪದಲ್ಲಿ ಮುಟ್ಟುತ್ತದೆ. ಪೂಲಿನ ಕಂತಿನ ಲೆಕ್ಕದಲ್ಲಿ ಈ ಸುದ್ದಿ ಸೋಸಿ, ಕಲಸಿ, ತಡವಾಗಿ ಬರುತ್ತಿತ್ತು. ಅದೇ ಬೆಲೆ ಕೆಳಗಿನ ಸುದ್ದಿಯನ್ನೂ ಅಷ್ಟೇ ನಿಷ್ಠೆಯಿಂದ ತಂದುಕೊಡುತ್ತದೆ: ವಿಯೆಟ್ನಾಂನ ರೋಬಸ್ಟಾ ತಳಿಯ ಕಾಫಿ ತುಂಬಿ ಹರಿದಾಗ, 2001ರ ಸುಮಾರಿಗೆ, ಕೊಯ್ಲಿನ ಕೂಲಿಯೂ ಹುಟ್ಟದ ಸ್ಥಿತಿ ಬಂತು. ಇಲ್ಲಿ ಗಮನಿಸಿ, ಹಯೆಕ್‌ನ ವಾದದ ಬುಡದಲ್ಲಿರುವುದು ‘ನಾನು ಬಲಶಾಲಿ’ ಅಲ್ಲ, ‘ನನಗೆ ಗೊತ್ತಿರುವುದು ಅತ್ಯಲ್ಪ’.

ಮಾರುವ ಸ್ವಾತಂತ್ರ್ಯ ಸಿಕ್ಕ ಕೂಡಲೇ ಮಾರುವ ತಿಳಿವಳಿಕೆ ಬರುವುದಿಲ್ಲ ಅನ್ನುವುದಕ್ಕೆ ಕಣದಿಂದಲೇ ಒಂದು ಲೆಕ್ಕ. ರೋಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು, ಹೋಗುವುದು 50 ಕೆ.ಜಿ. ಚೀಲದಲ್ಲಿ, ಬೆಲೆ ಕಟ್ಟುವುದು ಔಟ್‌ಟರ್ನ್ (ಓಟಿ) ಮೇಲೆ, ಅಂದರೆ ಆ ಚೀಲದಿಂದ ಎಷ್ಟು ಕೆ.ಜಿ. ಬೇಳೆ ಬರುತ್ತದೆ ಅನ್ನುವುದರ ಮೇಲೆ. ಓಟಿಯ ಒಂದು ಪಾಯಿಂಟಿಗೆ, ಅಂದರೆ ಒಂದು ಕೆ.ಜಿ. ಬೇಳೆಗೆ, 200 ರೂಪಾಯಿ ಅಂದುಕೊಳ್ಳಿ. ಓಟಿ 28 ಬಂದರೆ ಚೀಲಕ್ಕೆ 5,600. 26 ಅಂತ ಬರೆದರೆ 5,200. ನೂರು ಚೀಲಕ್ಕೆ 40,000 ರೂಪಾಯಿ ವ್ಯತ್ಯಾಸ, ಎರಡೇ ಅಂಕಿಯಲ್ಲಿ! ಆದ್ದರಿಂದ ಸ್ಯಾಂಪಲ್ ನೀವೇ ತೆಗೆಯಿರಿ. ಹತ್ತು ಚೀಲಕ್ಕೆ ಒಂದಾದರೂ ಚೀಲ ಬಿಚ್ಚಿ. ಮೇಲಿನಿಂದಷ್ಟೇ ಅಲ್ಲ, ನಡುವಿನಿಂದ, ತಳದಿಂದಲೂ ತೆಗೆದು ಕಲಸಿ 1 ಕೆ.ಜಿ. ತೂಗಿ, ಸಿಪ್ಪೆ ತೆಗೆಸಿ, ಬೇಳೆ ಎಷ್ಟು ಗ್ರಾಂ ಬಂತೋ ಅದನ್ನು 20ರಿಂದ ಭಾಗಿಸಿ. 540 ಗ್ರಾಂ ಬಂದರೆ ಓಟಿ 27. ತೇವಾಂಶ ರೋಬಸ್ಟಾ ಚೆರಿಗೆ ಶೇ. 11 ಮೀರಬಾರದು, ಮೀರಿದರೆ ಓಟಿ ಮೇಲೆ ಕಂಡರೂ ತೇವದ ಹೆಸರಿನಲ್ಲಿ ಕಡಿತ ಬರುತ್ತದೆ. ಕೊಳ್ಳುವವನ ಮೀಟರು, ಕೊಳ್ಳುವವನ ಸ್ಯಾಂಪಲ್, ಕೊಳ್ಳುವವನ ಅವಸರ, ಈ ಮೂರೂ ಒಟ್ಟಿಗೆ ಸೇರಿದ ಕಡೆ ‘ಸ್ವತಂತ್ರ ವಿನಿಮಯ’ ಅನ್ನುವ ಪದ ಸ್ವಲ್ಪ ನಾಚಿಕೊಳ್ಳುತ್ತದೆ. ಎರಡೂ ಕಡೆಗೆ ಒಂದೇ ಮಾಹಿತಿ ಇದ್ದಾಗಲೇ ಮಾರುಕಟ್ಟೆಯ ತತ್ವ ಪುಸ್ತಕದಲ್ಲಿದ್ದ ಹಾಗೆ ನಡೆಯುವುದು. ಆ ಮಾಹಿತಿಗಾಗಿ ಹತ್ತು ಮನೆಯವರು ಸೇರಿ ಒಂದು ತೇವಾಂಶ ಮೀಟರು ಕೊಂಡರೆ ಅದು ಸಮೂಹವಾದವಾಗುವುದಿಲ್ಲ.

ಇನ್ನು ಬೇಲಿ. ಕಾಫಿ ಹಣ್ಣು ಕೊರೆಯುವ ಕಾಯಿಕೊರಕ ದುಂಬಿ ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ. ಕೊಯ್ಲಾದ ಮೇಲೆ ಗಿಡದಲ್ಲಿ ಉಳಿದ, ನೆಲಕ್ಕೆ ಉದುರಿದ ಕಾಯಿಯೊಳಗೆ ಅದು ಮುಂದಿನ ಫಸಲಿನ ತನಕ ಬದುಕಿರುತ್ತದೆ. ನೀವು ಚಾಪೆ ಹಾಸಿ ಕೊಯ್ದು, ಉದುರು ಆರಿಸಿ, ಹುಳುಬಿದ್ದ ಕಾಯಿಯನ್ನು ಕುದಿನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ಒಣಗಿಸಬಹುದು. ಪಕ್ಕದ ತೋಟದವರು ಬೆಂಗಳೂರಿನಲ್ಲಿದ್ದು ಉದುರನ್ನು ಹಾಗೆಯೇ ಬಿಟ್ಟರೆ ನಿಮ್ಮ ಖರ್ಚು ನೀರಿಗೆ. ಕಟ್ಟಾ ವ್ಯಕ್ತಿವಾದಿ ಹೇಳುವ ಪರಿಹಾರ ಉಂಟು: ನಷ್ಟಕ್ಕೆ ಪಕ್ಕದವನ ಮೇಲೆ ದಾವೆ ಹಾಕಿ. ಹುಳು ಯಾರ ತೋಟದ್ದೆಂದು ಕೋರ್ಟಿಗೆ ಸಾಬೀತು ಮಾಡುವುದು ಹೇಗೆ? ಆ ದುಂಬಿ ಎಳ್ಳಿನಷ್ಟು ದೊಡ್ಡದಿಲ್ಲ.

● ನಮ್ಮದು ಜಮ್ಮಾ ಬಾಣೆ. ಪಹಣಿಯಲ್ಲಿ ಯಾವಾಗಲೋ ತೀರಿಹೋದ ಪಟ್ಟೇದಾರರ (ಒಕ್ಕದ ಯಜಮಾನರ) ಹೆಸರಿದೆ. ನಾನು ನೆಟ್ಟು ಬೆಳೆಸಿದ ತೋಟ ನನ್ನದಲ್ಲವೇ? ಬ್ಯಾಂಕ್ ಯಾಕೆ ಒಪ್ಪುವುದಿಲ್ಲ? ಇದರಲ್ಲಿ ತತ್ವ ಯಾರದು ಸರಿ?
– ವಿರಾಜಪೇಟೆ ತಾಲ್ಲೂಕಿನಿಂದ

ಜಾನ್ ಲಾಕ್ ಹದಿನೇಳನೇ ಶತಮಾನದ ಕೊನೆಯಲ್ಲಿ ನಿಮ್ಮ ಪರವಾಗಿಯೇ ಬರೆದಿದ್ದಾನೆ: ನೆಲಕ್ಕೆ ದುಡಿಮೆ ಬೆರೆಸಿದವನದು ಆಸ್ತಿ. ಪಹಣಿ ಮಾತ್ರ ಲಾಕ್‌ನನ್ನು ಓದಿಲ್ಲ. ಜಮ್ಮಾ, ಅಂದರೆ ತಲೆತಲಾಂತರದಿಂದ ಬಂದ, ಹಿಡುವಳಿ ಒಕ್ಕದ್ದು. ಗದ್ದೆಗೆ ಸೊಪ್ಪು, ಸೌದೆ, ಮೇವಿಗಾಗಿ ಸೇರಿಕೊಂಡು ಬಂದ ಬಾಣೆ. ಅದರಲ್ಲಿ ಕಾಫಿ ಎದ್ದದ್ದು ಆಮೇಲೆ. ಬ್ಯಾಂಕಿನವರು ನೋಡುವುದು ಪಹಣಿಯ 9ನೇ ಕಾಲಂ, ಅಲ್ಲಿರುವ ಎಲ್ಲರ ಅಥವಾ ಅವರ ವಾರಸುದಾರರ ಸಹಿ ಕೇಳುತ್ತಾರೆ. 12ನೇ ಕಾಲಂನಲ್ಲಿ ಬೆಳೆ, ಸಾಗುವಳಿ ನಿಮ್ಮದೆಂದಿದ್ದರೂ ಅದು ಒಡೆತನವಲ್ಲ. 11ನೇ ಕಾಲಂನಲ್ಲಿ ಹಳೆಯ ಸಾಲದ ಭಾರ ಉಳಿದುಕೊಂಡಿದೆಯೋ ನೋಡಿ. ಯಾವಾಗಲೋ ತೀರಿಸಿದ ಸಾಲ ದಾಖಲೆಯಲ್ಲಿ ಜೀವಂತವಾಗಿರುತ್ತದೆ. ವಂಶವೃಕ್ಷ ಮೊದಲು ಮಾಡಿಸಿ, ಹೊರಗೆ ನೆಲೆಸಿದವರನ್ನೂ ಸೇರಿಸಿ, ಹೆಣ್ಣುಮಕ್ಕಳನ್ನು ಬಿಡಬೇಡಿ. ಅಲ್ಲಿ ಬಿಟ್ಟ ಒಂದು ಹೆಸರೇ ಮುಂದೆ ತಡೆಯಾಜ್ಞೆಯಾಗಿ ಬರುವುದು. ಬಿಳಿ ಹಾಳೆಯಲ್ಲಿ ಬರೆದುಕೊಂಡ ಪಾಲುಪಟ್ಟಿ ನೋಂದಣಿಯಾಗದಿದ್ದರೆ ಕೋರ್ಟಿನಲ್ಲಿ ಪಾಲಿನ ಸಾಕ್ಷಿಯಾಗಿ ನಿಲ್ಲುವುದು ಕಷ್ಟ. ಜಮ್ಮಾಕ್ಕೆ ತನ್ನದೇ ಕಾನೂನಿನ ತಿರುವುಗಳಿವೆ, ಅದನ್ನು ನಡೆಸಿ ಗೊತ್ತಿರುವ ವಕೀಲರ ಬಳಿಯೇ ಹೋಗಿ.

ತತ್ವಕ್ಕೆ ಬಂದರೆ ಎರಡು ಕಡೆಗೂ ಒಳ್ಳೆಯ ವಕೀಲರಿದ್ದಾರೆ. ಪೆರು ದೇಶದ ಹೆರ್ನಾಂಡೊ ದೆ ಸೋಟೊ 2000ದಲ್ಲಿ ಬಂದ ಪುಸ್ತಕದಲ್ಲಿ ಹೇಳಿದ್ದು ನಿಮ್ಮ ಸಂಕಟವನ್ನೇ: ಕಾಗದ ಸರಿಯಿಲ್ಲದ ಆಸ್ತಿ ಸತ್ತ ಬಂಡವಾಳ, ಅದು ಸಾಲ ತರುವುದಿಲ್ಲ. ಇನ್ನೊಂದು ಕಡೆ ಎಲಿನಾರ್ ಆಸ್ಟ್ರಮ್. 1990ರಲ್ಲಿ ಬರೆದಳು, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಯಾರೊಬ್ಬರಿಗೂ ಸೇರದ ಹುಲ್ಲುಗಾವಲು, ನೀರು, ಕಾಡು ಹಾಳಾಗಲೇಬೇಕಿಲ್ಲ. ಗಡಿ ಸ್ಪಷ್ಟವಿದ್ದು, ನಿಯಮ ಬಳಸುವವರೇ ಮಾಡಿ, ಕಾವಲು ಅವರೊಳಗಿನವರದೇ ಆಗಿ, ತಪ್ಪಿಗೆ ಮೊದಲು ಸಣ್ಣ ದಂಡ ಆಮೇಲೆ ದೊಡ್ಡದು ಅಂತಿದ್ದರೆ ಶತಮಾನಗಟ್ಟಲೆ ಉಳಿಯುತ್ತದೆ. ಕೊಡಗಿನ ಸಾವಿರಕ್ಕೂ ಮಿಕ್ಕಿದ ದೇವರಕಾಡುಗಳಲ್ಲಿ ಗಟ್ಟಿಯಾಗಿ ಉಳಿದದ್ದನ್ನೂ ಒತ್ತುವರಿಯಾದದ್ದನ್ನೂ ಪಕ್ಕಪಕ್ಕ ಇಟ್ಟು, ಆಕೆಯ ಷರತ್ತುಗಳಲ್ಲಿ ಯಾವುದು ತಪ್ಪಿದೆ ಅಂತ ನೋಡಿ. ಸಾಮಾನ್ಯವಾಗಿ ಗಡಿಯೇ ಮೊದಲು ಮಸುಕಾಗಿರುತ್ತದೆ. ನಮಗನಿಸುವುದು, ತೋಟಕ್ಕೆ ದೆ ಸೋಟೊ ಸರಿ, ದೇವರಕಾಡಿಗೆ ಆಸ್ಟ್ರಮ್ ಸರಿ. ಎರಡಕ್ಕೂ ಒಂದೇ ತತ್ವ ಹಾಕಲು ಹೋದವರು ಎರಡನ್ನೂ ಕೆಡಿಸಿದ್ದಾರೆ.

● ಮುಕ್ತ ಮಾರುಕಟ್ಟೆ ಬೇಕು, ಆದರೆ ವಿಯೆಟ್ನಾಂ ಕರಿಮೆಣಸು ಬೇಡ. ಇದರಲ್ಲಿ ತಪ್ಪೇನಿದೆ?
– ಪೊನ್ನಂಪೇಟೆ

ಬೇಡ ಅನ್ನುವುದರಲ್ಲಿ ತಪ್ಪಿಲ್ಲ. ಅದನ್ನು ಮುಕ್ತ ಮಾರುಕಟ್ಟೆ ಅನ್ನುವುದರಲ್ಲಿ ತಪ್ಪಿದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ಬೆಲೆ ಕಟ್ಟಿತು. ಬೆಳೆಗಾರರು ಕೇಳಿ ಪಡೆದ ರಕ್ಷಣೆ ಅದು. ಕಾಗದದಲ್ಲಿ ಬೆಲೆ ಏರಿಸಿ ತೋರಿಸುವುದು, ಶ್ರೀಲಂಕಾದ ದಾರಿಯಲ್ಲಿ ತರುವುದು, ಹೀಗೆ ಅದನ್ನು ದಾಟುವ ದಾರಿಗಳ ಬಗ್ಗೆ ದೂರುಗಳೂ ಕಡಿಮೆಯಿಲ್ಲ; ಬೆಲೆಗೆ ಗೋಡೆ ಕಟ್ಟಿದ ಕಡೆಯೆಲ್ಲ ಗೋಡೆಗೆ ಬಿಲ ಕೊರೆಯುವ ಕಸುಬು ಹುಟ್ಟುತ್ತದೆ. ‘ಅಟ್ಲಾಸ್’ ಕಾದಂಬರಿಯ ಅತಿ ನೀಚ ಪಾತ್ರಗಳಲ್ಲಿ ಕೆಲವರು ಅಧಿಕಾರಿಗಳಲ್ಲ, ರಾಜಧಾನಿಯಲ್ಲಿ ಪ್ರಭಾವ ಬೀರಿ ಪೈಪೋಟಿದಾರರನ್ನು ತಡೆಯುವ ಉದ್ಯಮಿಗಳು. ಆ ಅಧ್ಯಾಯಗಳನ್ನು ನಮ್ಮವರು ಬೇಗ ಬೇಗ ತಿರುಗಿಸುತ್ತಾರೆ.

● ಸರ್ಕಾರಿ ನೆರವನ್ನು ಬೈದ ರ‍್ಯಾಂಡ್ ಕೊನೆಗಾಲದಲ್ಲಿ ಪಿಂಚಣಿ ತೆಗೆದುಕೊಂಡಳಂತೆ, ನಿಜವೇ?
– ನಾಪೋಕ್ಲು

ನಿಜ, ಸೋಷಿಯಲ್ ಸೆಕ್ಯೂರಿಟಿ ಹಣ ಪಡೆದಳು. ಆದರೆ ಇದನ್ನು ತುರುಪಿನ ಎಲೆಯಂತೆ ಎಸೆಯಬೇಡಿ. ಬಲವಂತವಾಗಿ ಕಿತ್ತ ಹಣವನ್ನು, ಆ ಪದ್ಧತಿಯನ್ನು ವಿರೋಧಿಸುವವನು ವಾಪಸು ಪಡೆದರೆ ತಪ್ಪಲ್ಲ ಎಂದು 1966ರಲ್ಲೇ ಬರೆದಿದ್ದಳು. ವಾದ ಒಪ್ಪದಿರಬಹುದು, ಮಾತು ಬದಲಿಸಿದಳು ಅನ್ನಲಾಗದು. ಬೇಕಿದ್ದರೆ ಇನ್ನೂ ಗಟ್ಟಿ ಉದಾಹರಣೆ ಆಕೆಯ ಶಿಷ್ಯ ಅಲನ್ ಗ್ರೀನ್‌ಸ್ಪ್ಯಾನ್. 1987ರಿಂದ 2006ರ ತನಕ ಅಮೆರಿಕದ ಕೇಂದ್ರ ಬ್ಯಾಂಕಿನ ಮುಖ್ಯಸ್ಥನಾಗಿದ್ದ ಆತ, ಬ್ಯಾಂಕುಗಳು ಸ್ವಹಿತಕ್ಕಾಗಿಯಾದರೂ ತಮ್ಮ ಷೇರುದಾರರನ್ನು ಕಾಪಾಡಿಕೊಳ್ಳುತ್ತವೆ ಅನ್ನುವ ತನ್ನ ನಂಬಿಕೆಯಲ್ಲಿ ದೋಷವಿತ್ತು ಎಂದು 2008ರ ಅಕ್ಟೋಬರಿನಲ್ಲಿ ಸಂಸದೀಯ ಸಮಿತಿಯೆದುರು ಒಪ್ಪಿಕೊಂಡ.

● ವ್ಯಕ್ತಿವಾದ ನಮ್ಮ ಮಣ್ಣಿನದ್ದಲ್ಲ, ಪಶ್ಚಿಮದ ಸರಕು ಅಂತ ಸ್ಟಾಫ್‌ರೂಮಿನಲ್ಲಿ ವಾದ ನಡೆಯಿತು. ನಿಮ್ಮ ಅಭಿಪ್ರಾಯ?
– ಶಿಕ್ಷಕರು, ಕುಶಾಲನಗರ

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್, ಕರಡು ಸಂವಿಧಾನವು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ತೆಗೆದುಕೊಂಡದ್ದು ತಮಗೆ ಸಂತೋಷ ಎಂದರು. ಮಾರುಕಟ್ಟೆಗಾಗಿ ಹೇಳಿದ ಮಾತಲ್ಲ ಅದು. ಊರು, ಜಾತಿ, ಕುಲ ಅನ್ನುವ ಸಮೂಹಗಳ ಕೆಳಗೆ ಸಿಕ್ಕಿಕೊಂಡವನಿಗೆ ಹಕ್ಕು ಅವನ ಹೆಸರಿನಲ್ಲೇ ಬೇಕು ಅಂತ. ಐನ್‌ಮನೆಯ ಜಗಲಿಯಲ್ಲಿ ಕೂತವರಿಗೆ ಸಮೂಹ ಬೆಚ್ಚಗೆ ಕಾಣುತ್ತದೆ. ಲೈನ್‌ಮನೆಯಲ್ಲಿರುವ ತೋಟದ ಕೂಲಿಕಾರರಿಗೆ ಅದೇ ಸಮೂಹ ಹೇಗೆ ಕಾಣುತ್ತದೆ ಅಂತ ಸ್ಟಾಫ್‌ರೂಮಿನಲ್ಲಿ ಕೇಳಿ ನೋಡಿ. ಮಾರುಕಟ್ಟೆಯ ಪಕ್ಕಕ್ಕೂ ನಮ್ಮವರಿದ್ದರು. ಕರಾವಳಿಯ ಬೆಳ್ಳಿಕೋತಿನ ಬಿ.ಆರ್. ಶೆಣೈ 1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಗೆ ಅರ್ಥಶಾಸ್ತ್ರಜ್ಞರ ಮಂಡಳಿಯೊಳಗಿಂದ ಭಿನ್ನಮತದ ಟಿಪ್ಪಣಿ ಬರೆದರು. ರಾಜಾಜಿಯವರ ಸ್ವತಂತ್ರ ಪಕ್ಷ 1959ರಲ್ಲಿ ಹುಟ್ಟಿ 1967ರಲ್ಲಿ ಲೋಕಸಭೆಯ 44 ಸ್ಥಾನ ಗೆದ್ದಿತ್ತು. ಶೆಣೈ ಅವರಿಗೂ ರಾಜಾಜಿಯವರಿಗೂ ‘ಸ್ವಾರ್ಥವೇ ಸದ್ಗುಣ’ ಅನ್ನುವ ಘೋಷಣೆಯ ಅಗತ್ಯ ಬೀಳಲಿಲ್ಲ.

● ಲೈಬ್ರರಿಯಲ್ಲಿ ಈ ವಿಷಯಕ್ಕೆ ಒಂದು ಓದುಕೂಟ ನಡೆಸಬೇಕೆಂದಿದ್ದೇವೆ. ಹತ್ತು ಹನ್ನೆರಡು ಜನ. ಹೇಗೆ ನಡೆಸಬೇಕು?
– ಗೋಣಿಕೊಪ್ಪ

ಎಂಟು ವಾರ ಸಾಕು, ವಾರಕ್ಕೆ ಒಂದೂವರೆ ಗಂಟೆ. ಕಾದಂಬರಿಯಿಂದ ಶುರುಮಾಡಬೇಡಿ, ಸಾವಿರ ಪುಟ ಓದಿ ಬಂದವನೊಬ್ಬ, ಓದದವರು ಹತ್ತು, ಅಲ್ಲಿಗೆ ಕೂಟ ಪ್ರವಚನವಾಗುತ್ತದೆ. ಮೊದಲ ವಾರ ಸ್ಮಿತ್ 1776ರ ಗ್ರಂಥದ ಮೊದಲ ಮೂರು ಅಧ್ಯಾಯ, ಜೊತೆಗೆ ಅದೇ ಸ್ಮಿತ್ 1759ರಲ್ಲಿ ಸಹಾನುಭೂತಿಯ ಬಗ್ಗೆ ಬರೆದ ಪುಸ್ತಕದ ಮೊದಲ ಕೆಲವು ಪುಟ. ಎರಡನೆಯದು ಮಿಲ್‌ನ ‘ಆನ್ ಲಿಬರ್ಟಿ’, 1 ಮತ್ತು 3ನೇ ಅಧ್ಯಾಯ. ಮೂರನೆಯದು ಹಯೆಕ್‌ನ ಬೆಲೆಯ ಪ್ರಬಂಧ, ಹನ್ನೆರಡೇ ಪುಟ, ಆದರೆ ಎರಡು ಸಲ ಓದಿ ಬರಬೇಕು. ನಾಲ್ಕನೆಯದು ಡಬ್ಲಿನ್ ಉಪನ್ಯಾಸ. ಐದು, ಆರು ರ‍್ಯಾಂಡ್‌ಗೆ: 1961ರ ನೀತಿಶಾಸ್ತ್ರದ ಪ್ರಬಂಧ, ಆಮೇಲೆ ‘ಅಟ್ಲಾಸ್’ನಲ್ಲಿ ಹಣದ ಬಗ್ಗೆ ಬರುವ ಭಾಷಣ. ಏಳನೆಯದು ಆಸ್ಟ್ರಮ್‌ಳ 1 ಮತ್ತು 3ನೇ ಅಧ್ಯಾಯ. ಮೂರನೆಯದರಲ್ಲಿ ಸ್ವಿಟ್ಜರ್ಲೆಂಡ್, ಜಪಾನ್ ಹಳ್ಳಿಗಳ ಕಾಡು, ಹುಲ್ಲುಗಾವಲಿನ ಕಟ್ಟುಪಾಡುಗಳಿವೆ, ನಿಮ್ಮಲ್ಲಿ ಚರ್ಚೆ ನಿಲ್ಲುವುದೇ ಇಲ್ಲ. ಎಂಟನೆಯದು ಅಂಬೇಡ್ಕರರ ನವೆಂಬರ್ 4ರ ಭಾಷಣ.

ಕೆಡುವುದು ಎರಡು ಕಡೆ. ಪದ: ‘ಸ್ವಾರ್ಥ’ ಕನ್ನಡದಲ್ಲಿ ಬೈಗುಳ, ‘ಸ್ವಹಿತ’ ಅಲ್ಲ. ಯಾವ ಪದ ಬಳಸುತ್ತೀರಿ ಎಂದು ಮೊದಲ ದಿನವೇ ಬೋರ್ಡಿನ ಮೇಲೆ ಬರೆದಿಡಿ, ಇಲ್ಲದಿದ್ದರೆ ಐದನೇ ವಾರವೆಲ್ಲ ಆ ಒಂದು ಪದದ ಜಗಳಕ್ಕೇ ಹೋಗುತ್ತದೆ. ಇನ್ನೊಂದು, ಎಲ್ಲರ ಪರವಾಗಿ ಮಾತಾಡುವ ಒಬ್ಬರು ಇದ್ದೇ ಇರುತ್ತಾರೆ. ಒಬ್ಬರಿಗೆ ಮೂರು ನಿಮಿಷ, ‘ರ‍್ಯಾಂಡ್ ಹಾಗೆ ಹೇಳಿದ್ದಾಳೆ’ ಅಂದರೆ ಪುಟಸಂಖ್ಯೆ ಕೇಳಿ.

ಕಾಲ ಮುಖ್ಯ. ಜನವರಿಯಿಂದ ಮಾರ್ಚ್ ರೋಬಸ್ಟಾ ಕೊಯ್ಲು, ಹೂಮಳೆ, ನೀರು ಹಾಯಿಸುವ ಗಡಿಬಿಡಿ, ಯಾರೂ ಬರುವುದಿಲ್ಲ. ಜೂನ್ ಎರಡನೇ ವಾರಕ್ಕೆ ಶುರುಮಾಡಿ. ಮಳೆಗೆ ಕರೆಂಟು ಹೋಗುತ್ತದೆ, ಮೊಬೈಲಿನಲ್ಲಿ ಓದುತ್ತೇವೆ ಅನ್ನುವವರನ್ನು ನಂಬಬೇಡಿ. ಪ್ರತಿ ವಾರದ ಪುಟಗಳನ್ನು ಹಿಂದಿನ ವಾರವೇ ಜೆರಾಕ್ಸ್ ಮಾಡಿಸಿ ಕೈಗೆ ಕೊಟ್ಟುಬಿಡಿ. ಅದರ ಖರ್ಚನ್ನು ಸಮನಾಗಿ ಹಂಚಬೇಕೋ, ಅವರವರ ಪ್ರತಿಗೆ ಅವರವರೇ ಕೊಡಬೇಕೋ ಅನ್ನುವುದನ್ನು ಮಾತ್ರ ಮೂರನೇ ವಾರಕ್ಕೆ ಮೊದಲೇ ತೀರ್ಮಾನಿಸಿಕೊಳ್ಳಿ.